ತೂಕದವನ ಹಿತ್ತಲು

ಬಚ್ಚಲ ನೀರು ಹರಿದು ನಿಲ್ಲುವಲ್ಲಿ
ಎಂಟಡಿ ಉದ್ದ, ಮೂರಡಿ ಅಗಲ.
ಈ ಕಡೆ ಬಟ್ಟೆ ಒಗೆಯುವ ಕಲ್ಲು,
ಆ ಕಡೆ ಪಕ್ಕದವರ ಸಿಮೆಂಟು ಗೋಡೆ.
ಮಂಡ್ಯದ ಈ ಅಡ್ಡರಸ್ತೆಯಲ್ಲಿ
ಇಷ್ಟೇ ನನ್ನ ಗದ್ದೆ.

ಮೂವತ್ತೊಂದು ವರ್ಷ
ಕಾರ್ಖಾನೆಯ ತೂಕದ ಮನೆಯಲ್ಲಿ ಕೂತವನು.
ಕಬ್ಬು ನನ್ನೆದುರು ಬರುತ್ತಿದ್ದುದು ಸತ್ತ ಮೇಲೆ,
ಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಟನ್ನುಗಟ್ಟಲೆ.
ಬೇರು ಕಂಡವನಲ್ಲ, ಸುಳಿ ಮುಟ್ಟಿದವನಲ್ಲ.
ಚೀಟಿ ಹರಿಯುವುದು,
ನೂರಕ್ಕೆ ಎರಡು ಕಸವೆಂದು ಕಳೆಯುವುದು,
ಮಳೆ ಹನಿದ ದಿನ ಮೂರು.

ಹೊಳಲಿನ ಜವರಮ್ಮ, ಸಾಲಿನಲ್ಲಿ ಎರಡು ರಾತ್ರಿ ಮಲಗೆದ್ದವಳು,
ಕಿಟಕಿಗೆ ಮುಖ ತಂದು ಕೇಳಿದ್ದಳು:
"ತರ್ಗು ತರ್ಗು ಅಂತ ಕಳೀತೀಯಲ್ಲ ಸ್ವಾಮಿ,
ಒಂದ್ ಜಲ್ಲೆ ಬೆಳ್ದಿದ್ದೀಯಾ ನೀನು?"
ನಾನು ತಲೆಯೆತ್ತದೆ ಮೊಹರು ಒತ್ತಿದೆ.

ಹೋದ ಸಂಕ್ರಾಂತಿಯ ಕರಿಕಬ್ಬಿನಲ್ಲಿ
ತಿನ್ನದೆ ಉಳಿದ ಅರ್ಧ ಜಲ್ಲೆ.
ಮೂರು ತುಂಡು, ತುಂಡಿಗೆ ಮೂರು ಕಣ್ಣು.
ಕಣ್ಣು ಪಕ್ಕಕ್ಕೆ ಬರುವಂತೆ ಮಲಗಿಸಬೇಕಂತೆ,
ಮಲಗಿಸಿ ಮಣ್ಣೆಳೆದ ಮೇಲೆ ತಿಳಿಯಿತು.
ಹದಿನೆಂಟು ದಿನ ಏನೂ ಇಲ್ಲ.
ಹತ್ತೊಂಬತ್ತಕ್ಕೆ ಕೆದಕಿ ನೋಡುತ್ತಿದ್ದೆ,
ದೇವೀರಮ್ಮ ಬಟ್ಟೆ ಹಿಂಡುತ್ತ ಅಂದಳು:
"ಬಸುರಿ ಹೊಟ್ಟೆ ಬಗೆದು ನೋಡ್ತಾರೇನ್ರೀ?"

ಒಂಬತ್ತು ಕಣ್ಣಿಗೆ ಐದು ತೆರೆದವು.
ಮರಿ ಒಡೆದು ಹದಿನಾಲ್ಕಾದವು.
ಒಂದರ ಸುಳಿ ಒಣಗಿ, ಎಳೆದರೆ ಕೈಗೇ ಬಂತು,
ಕೊಳೆತ ವಾಸನೆ ಸಮೇತ.
ಇನ್ನೆರಡು ಹೆಗ್ಗಣಕ್ಕೆ.
ಉಳಿದ ಹನ್ನೊಂದಕ್ಕೆ ಪಾತ್ರೆ ತೊಳೆದ ನೀರು,
ಅಕ್ಕಿ ತೊಳೆದ ನೀರು, ನನ್ನ ದಿನದ ಎಣಿಕೆ.
ತರಗು ಬಿಡಿಸಲು ಹೋದರೆ
ಸೋಗೆ ಮುಂಗೈ ಮೇಲೆ ಕೆಂಪು ಗೆರೆ ಎಳೆಯಿತು,
ಹಳೆಯ ಲೆಡ್ಜರಿನ ಹಾಗೆ, ಅಂಕಿಯಿಲ್ಲದೆ.
ಗೋಡೆಗಿಂತ ಎತ್ತರವಾದ ಮೇಲೆ
ರಾತ್ರಿ ಗಾಳಿಗೆ ಗರಿ ಉಜ್ಜಿದರೆ
ಗಾಡಿ ಬಂದವೆಂದು ಎದ್ದು ಕೂರುತ್ತಿದ್ದೆ.

ಹಬ್ಬಕ್ಕೆ ನಾಲ್ಕು ದಿನ ಮುಂಚೆ ಕಡಿದೆ.
ಕಡಿದು ತಿಂದರೆ ಆಗುತ್ತಿತ್ತು.
ಹನ್ನೊಂದನ್ನೂ ಸೈಕಲ್ಲಿಗೆ ಕಟ್ಟಿಕೊಂಡು
ಗುಜರಿ ಅಂಗಡಿಯ ಇನಾಯತ್‌ ಹತ್ತಿರ ಹೋದೆ.
ಮುರಿದ ಪಂಪಿಗೂ ಹಳೆ ಪೇಪರಿನ ಹೊರೆಗೂ ನಡುವೆ
ತಕ್ಕಡಿ ಮೇಲೆ ಮಲಗಿದವು.
"ಹದಿನೇಳು ಕೆಜಿ ಇನ್ನೂರು" ಎಂದ.
ನನ್ನ ಬಾಯಿ ತನ್ನಷ್ಟಕ್ಕೆ ಅಂದಿತು,
"ಕಸಕ್ಕೆ ಮುನ್ನೂರ ನಲವತ್ತನಾಲ್ಕು ಗ್ರಾಂ ಕಳಿ."
"ಯಾವ ಕಸ ಸಾರ್?"
ಅವನು ಬಗ್ಗಿ ಹುಡುಕಿದ. ನಾನೂ ಬಗ್ಗಿದೆ.
ಒಂದೊಂದು ಗೆಣ್ಣನ್ನೂ ಹಳೆ ಟವಲಿನಿಂದ
ನಾನೇ ಒರೆಸಿದ್ದೆ ಬೆಳಿಗ್ಗೆ.

ಮುನ್ನೂರ ನಲವತ್ತನಾಲ್ಕು ಗ್ರಾಂ
ಅಂದರೆ ಎರಡೋ ಮೂರೋ ಗೆಣ್ಣು.
ಒಂದು ಮಗು ಜಗಲಿಯಲ್ಲಿ ಕೂತು ಸಿಪ್ಪೆ ಸುಲಿದು
ಜಗಿದು ಉಗಿಯುವಷ್ಟು ಹೊತ್ತು.
ಇದನ್ನು ಗಾಡಿಯಿಂದ ಗುಣಿಸಬೇಕು,
ಗಾಡಿಯನ್ನು ದಿನದಿಂದ,
ದಿನವನ್ನು ಮೂವತ್ತೊಂದು ವರ್ಷದಿಂದ.
ಲೆಕ್ಕ ನನಗೆ ಬಾಯಲ್ಲೇ ಬರುತ್ತದೆ.
ಮಾಡಲಿಲ್ಲ.

ಇನಾಯತ್‌ಗೆ ಎರಡು ಜಲ್ಲೆ ಬಿಟ್ಟು ಬಂದೆ.
ದೇವೀರಮ್ಮ ಎಳ್ಳು ಬೀರಲು ಕಬ್ಬು ಕತ್ತರಿಸುತ್ತ
ಒಂದು ಚೂರು ಬಾಯಿಗಿಟ್ಟುಕೊಂಡು
"ಸೋಪಿನ ವಾಸನೆ" ಅಂದಳು,
ಇನ್ನೊಂದು ಚೂರು ತೆಗೆದುಕೊಂಡಳು.

ಬುಡ ಕಿತ್ತು ಹಾಕಿ, ಸಂಡಿಗೆ ಒಣಗಿಸಲು ಜಾಗ ಬೇಕು
ಎಂಬುದು ಅವಳ ಮಾತು.
ಕೂಳೆ ಬರುತ್ತದೆ, ಬಿಡು ಎಂಬುದು ನನ್ನದು.
ನೆಲಕ್ಕೆ ಸಮ ಮಾಡಿ ಸವರಿ,
ತೇವ ಆರದ ಹಾಗೆ ಮೇಲೆ ತರಗು ಹೊದಿಸುತ್ತಿದ್ದೇನೆ.
ವರ್ಷವಿಡೀ ಬಿಡಿಸಿ ಕೂಡಿಟ್ಟ ತರಗು
ಅರ್ಧ ಪಾತಿಗೇ ಮುಗಿದುಹೋಯಿತು.
ನಾಳೆ ಹೊಳಲಿನ ಕಡೆ ಹೋಗಿ
ಯಾರನ್ನಾದರೂ ಕೇಳಬೇಕು.